ಒಂದು ಕೂಡಿಸಿಕೊಳ್ಳಿ

ಮನುಷ್ಯನ ಬಾಳಿನಲ್ಲಿ ಒಟ್ಟು ಎಷ್ಟು ಸಂಗತಿಗಳು ನಡೆಯಬಹುದು ಎಂಬ ಪ್ರಶ್ನೆಗೆ ದೊಡ್ಡ ದೊಡ್ಡವರೆಲ್ಲ ಗಡ್ಡ ಬೆಳೆಸಿಕೊಂಡು ಉತ್ತರ ಹುಡುಕಿದ್ದಾರೆ. ನೌಕರರ ಕ್ಷೇಮ ಸಂಘದ ತಾತ್ಕಾಲಿಕ ಪ್ರೋಗ್ರಾಮರ್ ಮಾತ್ರ ಅದನ್ನು ಒಂದು ಮಧ್ಯಾಹ್ನ, ಊಟದ ಡಬ್ಬಿ ತೊಳೆದಿಡುವಷ್ಟರಲ್ಲಿ ಪತ್ತೆ ಹಚ್ಚಿಬಿಟ್ಟ. ಏಳು. ಸೊನ್ನೆಯಿಂದ ಆರರವರೆಗೆ.

ಅವನನ್ನು ಆಫೀಸಿನಲ್ಲಿ ಎಲ್ಲರೂ ಸೊನ್ನೆ ಎಂದೇ ಕರೆಯುತ್ತಿದ್ದರು. ಯಾವುದನ್ನು ಎಣಿಸಿದರೂ ಸೊನ್ನೆಯಿಂದ ಶುರು ಮಾಡುವುದು ಅವನ ಕಸುಬಿನವರ ಅಭ್ಯಾಸ. ಉಳಿದವರು ಅದನ್ನು ಆಫೀಸಿನಲ್ಲೇ ಬಿಟ್ಟು ಮನೆಗೆ ಹೋಗುತ್ತಾರೆ, ಇವನು ಜೊತೆಗೇ ಹೊತ್ತುಕೊಂಡು ಬರುತ್ತಿದ್ದ. ಒಮ್ಮೆ ಮಾವನವರಿಗೆ "ಮೂರನೇ ಸ್ಟಾಪಿನಲ್ಲಿ ಇಳೀರಿ" ಎಂದು ದಾರಿ ಹೇಳಿದ್ದ. ಮಾವನವರು ಲೋಕದ ರೂಢಿಯಂತೆ ಒಂದರಿಂದ ಎಣಿಸಿ, ಒಂದು ಸ್ಟಾಪು ಮುಂಚೆಯೇ ಇಳಿದು, ಪೆಟ್ಟಿಗೆ ಹೊತ್ತು, ನೋಯುವ ಮಂಡಿ ಎಳೆದುಕೊಂಡು ಮನೆ ತಲುಪಿದರು. ಈಗ ಆ ಮಂಡಿಗೆ ಆಪರೇಷನ್ ಆಗಬೇಕಿತ್ತು. ಆ ನಡಿಗೆಗೂ ಇದಕ್ಕೂ ಸಂಬಂಧವಿಲ್ಲವೆಂದು ಡಾಕ್ಟರು ಹೇಳಿದರೂ ಮಾವನವರು ಒಪ್ಪಿರಲಿಲ್ಲ.

ಮಾವನವರು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು, ಇದೇ ಸಂಘದ ಸದಸ್ಯರೂ ಹೌದು. ಅಂಗಡಿಯವರ ತಕ್ಕಡಿಯನ್ನು ಹೇಗೆ ನೋಡುತ್ತಿದ್ದರೋ ಅಳಿಯನನ್ನೂ ಹಾಗೆಯೇ ನೋಡುತ್ತಿದ್ದರು. ಆಪರೇಷನ್ನಿಗೆಂದು ಮಗಳ ಮನೆಗೆ ಬಂದು ಕೂತ ದಿನದಿಂದ ಬೆಳಗ್ಗೆ ಹಲ್ಲುಜ್ಜಿ ಬಂದವರೇ ಕೇಳುತ್ತಿದ್ದುದು ಒಂದೇ ಮಾತು.

"ಅಳಿಯಂದಿರೇ, ಕಾಯಂ ಆಯ್ತಾ?"

"ಇನ್ನೂ ಇಲ್ಲ ಮಾವ. ವಾರ್ಷಿಕ ಸಭೆಯಲ್ಲಿ ತೀರ್ಮಾನ ಮಾಡ್ತಾರೆ."

ಅವನ ಕೆಲಸದ ಒಂದು ವರ್ಷದ ಕರಾರು ಆ ಸಭೆಯ ದಿನಕ್ಕೆ ಮುಗಿಯುತ್ತಿತ್ತು. ಅಂದು ಒಂದೋ ಕಾಯಂ, ಇಲ್ಲವೇ ಮನೆ. ಹೆಂಡತಿ ಅವನನ್ನು ಅಡುಗೆಮನೆಗೆ ಕರೆದು ಸಮಾಧಾನ ಮಾಡುತ್ತಿದ್ದಳು. "ಅಪ್ಪ ದಿನಾ ಕೇಳ್ತಾರೆ ಅಂತ ಬೇಜಾರು ಮಾಡ್ಕೋಬೇಡಿ ರೀ. ಅವರು ಕೇಳದೇ ಇದ್ರೆ ನಾನೇ ಕೇಳಬೇಕು ಅಂತಿದ್ದೆ."

ಸಂಘಕ್ಕೆ ಎಂಟುನೂರು ಸದಸ್ಯರು. ಅವರ ಮನೆಯಲ್ಲಿ ಏನೇ ನಡೆಯಲಿ, ಅಧ್ಯಕ್ಷರ ಸಹಿ ಇರುವ ಒಂದು ಪತ್ರ ಹೋಗಲೇಬೇಕು. ಇಪ್ಪತ್ತೆರಡು ವರ್ಷಗಳಿಂದ ಸಂಘ ಮಾಡಿದ ಕ್ಷೇಮವೆಂದರೆ ಇದೊಂದೇ. ಪತ್ರ ಬಡಿಯುತ್ತಿದ್ದ ಟೈಪಿಸ್ಟು ಬೇರೆ ಇಲಾಖೆಗೆ ಹೋದ ಮೇಲೆ ಟೈಪ್‌ರೈಟರನ್ನು ಗುಜರಿಗೆ ಹಾಕಿ, ಹಿಂದೆ ಯಾವುದೋ ಆಸ್ಪತ್ರೆಯಲ್ಲಿ ಟೋಕನ್ ಕೊಡುತ್ತಿದ್ದ ಹಳೆಯ ಯಂತ್ರವೊಂದನ್ನು ಕೊಂಡು ತಂದಿದ್ದರು. ಅದರ ಹೊಟ್ಟೆಯಲ್ಲಿ ಹಿಡಿಯುತ್ತಿದ್ದುದು ಒಂಬತ್ತೇ ಪುಟ. ಅದಕ್ಕೆ ಬುದ್ಧಿ ಕಲಿಸಲೆಂದೇ ಸೊನ್ನೆಯನ್ನು ತಂದು ಕೂರಿಸಿದ್ದು.

"ಸಾರ್, ಈ ಯಂತ್ರಕ್ಕೆ ಮಾತು ಅಂದ್ರೆ ಅಜೀರ್ಣ. ಅಂಕಿ ಕೊಟ್ರೆ ಮಾತ್ರ ದಕ್ಕುತ್ತೆ," ಎಂದು ಅವನು ಅಧ್ಯಕ್ಷರಿಗೆ ವಿವರಿಸಿದ. "ಜನನಕ್ಕೆ ಸೊನ್ನೆ. ಪರೀಕ್ಷೆ ಪಾಸಾದ್ರೆ ಒಂದು. ಮದುವೆ ಎರಡು, ಬಡ್ತಿ ಮೂರು, ನಿವೃತ್ತಿ ನಾಲ್ಕು, ಕಾಯಿಲೆ ಐದು, ಮರಣ ಆರು. ಸದಸ್ಯರ ಹೆಸರಿನ ಮುಂದೆ ಒಂದು ಅಂಕಿ ಬರೆದಿಟ್ರೆ ಸಾಕು. ಸೋಮವಾರ ಗುಂಡಿ ಒತ್ತಿದ್ರೆ ಆ ಅಂಕಿಯ ಪುಟದಲ್ಲಿರೋ ನಿಮ್ಮ ಪತ್ರ ಅಚ್ಚಾಗಿ ಬರುತ್ತೆ."

"ಏಳೇನಾ?"

"ಏಳೇ ಸಾರ್. ಇದರಾಚೆ ಮನುಷ್ಯನಿಗೆ ಏನೂ ಆಗಲ್ಲ."

ಇಂಥ ಮಾತನ್ನು ಆಡುವ ಮೊದಲು ಅವನು ನಾಲಿಗೆ ಕಚ್ಚಿಕೊಳ್ಳಬೇಕಿತ್ತು. ಆದರೆ ಅಧ್ಯಕ್ಷರ ಮುಖದಲ್ಲಿ ಮೆಚ್ಚುಗೆ ಕಂಡಿತು, ಕಾಯಂ ಎಂಬ ಪದ ಕಿವಿಯಲ್ಲಿ ಗುಂಯ್‌ಗುಟ್ಟಿತು.

"ಎಲ್ಲ ಸರಿ. ಜನನಕ್ಕೆ ಸೊನ್ನೆ ಯಾಕಯ್ಯಾ? ನನ್ನ ಮೊಮ್ಮಗ ಹುಟ್ಟಿದಾಗ ಇಡೀ ಬೀದಿಗೆ ಸಿಹಿ ಹಂಚಿದೀನಿ ನಾನು. ಅದು ಸೊನ್ನೇನಾ?"

ಬಾಗಿಲಲ್ಲಿ ನಿಂತಿದ್ದ ಹೆಡ್ ಕ್ಲರ್ಕು ಸೊನ್ನೆಯನ್ನು ಕಾಪಾಡಿದರು. "ಹುಟ್ಟಿದಾಗ ಯಾರ ಕೈಯಲ್ಲೂ ಏನೂ ಇರಲ್ವಲ್ಲ ಸಾರ್."

ಇದು ಬಹಳ ಆಳವಾದ ಮಾತೆಂದು ಅಧ್ಯಕ್ಷರಿಗೆ ತೋರಿತು. ಆ ಪಟ್ಟಿಯನ್ನು ಪೇಂಟರಿಂದ ದೊಡ್ಡ ಕಪ್ಪು ಬೋರ್ಡಿನ ಮೇಲೆ ಬಿಳಿ ಅಕ್ಷರದಲ್ಲಿ ಬರೆಸಿ, ಗೋಡೆಗೆ ಮೊಳೆ ಹೊಡೆಸಿ, ಪರದೆ ಎಳೆದು ಅನಾವರಣ ಮಾಡಿದರು. ಬೋರ್ಡಿನಲ್ಲಿ ಜನನ ಮರಣಗಳು ಸಾಧಾರಣ ಗಾತ್ರದ ಅಕ್ಷರಗಳಲ್ಲಿದ್ದವು. ಕೆಳಗಿನ "ಅನಾವರಣ: ಅಧ್ಯಕ್ಷರು" ಎಂಬುದು ಮಾತ್ರ ಬೀದಿಯಿಂದಲೇ ಓದಿಸಿಕೊಳ್ಳುತ್ತಿತ್ತು.

ಮೂರು ತಿಂಗಳು ಯಂತ್ರ ತೊಂದರೆಯಿಲ್ಲದೆ ನಡೆಯಿತು. ಸುಖವಾಗಿ ನಡೆಯುವ ಯಂತ್ರವನ್ನು ಕಂಡರೆ ಆಗದವರು ಇಬ್ಬರು, ಅದನ್ನು ಮಾಡಿದವನು ಮತ್ತು ಅವನ ಮೇಲಿನವರು. ಒಂದು ಶನಿವಾರ ಅಧ್ಯಕ್ಷರು ಸೊನ್ನೆಯನ್ನು ಕರೆದು ಬಾಗಿಲು ಹಾಕಿಸಿದರು.

"ನೋಡಯ್ಯಾ, ನಾನು ಹೊಸ ಮನೆ ಕಟ್ಟಿಸಿದೀನಿ. ಇಪ್ಪತ್ತೆರಡು ವರ್ಷದಿಂದ ಊರವರಿಗೆಲ್ಲ ಪತ್ರ ಬರೆದೆ, ನನಗೆ ಅಂತ ಒಬ್ಬರಾದ್ರೂ ನಾಲ್ಕು ಸಾಲು ಬರೆದಿದಾರಾ? ನಾನೂ ಸಂಘದ ಸದಸ್ಯನೇ ಅಲ್ವಾ?"

"ಹೌದು ಸಾರ್. ಯಾರು ಬರೀಬೇಕು ಸಾರ್?"

"ಅಧ್ಯಕ್ಷರು!" ಎಂದರು ಅಧ್ಯಕ್ಷರು. ತಮಗೆ ತಾವೇ ಬರೆದುಕೊಂಡ ಪತ್ರವನ್ನು ಜೇಬಿನಿಂದ ತೆಗೆದು ಕೊಟ್ಟರು. "ಹೊಸ ಮನೆ ಅಂತ ಒಂದು ಅಂಕಿ ಸೇರಿಸು."

"ಆಯ್ತು ಸಾರ್. ಕೊನೆಯಲ್ಲಿ ಸೇರಿಸ್ತೀನಿ. ಏಳು."

ಹೀಗೆಯೇ ಮಾಡಿದ್ದರೆ ಈ ಕಥೆ ಇಲ್ಲಿಗೇ ಮುಗಿದು ಎಲ್ಲರೂ ಮನೆಗೆ ಹೋಗಬಹುದಿತ್ತು. ಆದರೆ ಅಧ್ಯಕ್ಷರು ಎದ್ದು ನಿಂತರು.

"ಮರಣ ಆದಮೇಲೆ ಹೊಸ ಮನೇನಾ? ಬಿಡ್ತು ಅನ್ನು! ಮರಣದ ಆಚೆಗೆ ಏನೂ ಇರಕೂಡದು. ಅದಕ್ಕಿಂತ ಮುಂಚೆ ಹಾಕು."

ಸೊನ್ನೆ ಬಿಡ್ತು ಅಂದ. ಹೊಸ ಮನೆಗೆ ಆರು ಕೊಟ್ಟ, ಮರಣವನ್ನು ಏಳಕ್ಕೆ ಸರಿಸಿದ. ಹೆಡ್ ಕ್ಲರ್ಕು ಬೋರ್ಡಿನ ಕೆಳಗೆ ಗೋಡೆಯ ಮೇಲೊಂದು ಚೀಟಿ ಅಂಟಿಸಿದರು: "ಆರು ಹೊಸ ಮನೆ, ಏಳು ಮರಣ." ಎಲ್ಲರಿಗೂ ಸಮಾಧಾನವಾಯಿತು.

ಮರೆತದ್ದು ಒಂದೇ. ಗೋದಾಮಿನ ಸ್ಟೋರ್‌ಕೀಪರು ಆ ಗುರುವಾರ ತೀರಿಕೊಂಡಿದ್ದರು. ಅವರ ಹೆಸರಿನ ಮುಂದೆ ಆರು ಎಂದು ಬರೆದು, ಸೋಮವಾರಕ್ಕೆಂದು ಯಂತ್ರದೊಳಗೆ ಆಗಲೇ ಇಟ್ಟಾಗಿತ್ತು. ಪಟ್ಟಿಯಲ್ಲಿ ಸಂಗತಿಗಳು ಸರಿದವು, ಒಳಗೆ ಕಾದಿದ್ದ ಅಂಕಿ ಇದ್ದಲ್ಲೇ ಕೂತಿತ್ತು. ಲಾಡ್ಜಿನಲ್ಲಿ ತಂಗಿದವರಿಗೆ ತಿಳಿಸದೆ ಕೋಣೆಗಳ ನಂಬರು ಬದಲಿಸಿದ ಹಾಗಾಯಿತು. ಸೋಮವಾರ ಗುಂಡಿ ಒತ್ತಿದರು, ಅಧ್ಯಕ್ಷರು ಎಂದಿನಂತೆ ಓದದೆ ಸಹಿ ಮಾಡಿದರು, ಪತ್ರ ಸ್ಟೋರ್‌ಕೀಪರರ ಮನೆಗೆ ಹೋಯಿತು.

ಬುಧವಾರ ಅವರ ಹೆಂಡತಿ ಆಫೀಸಿಗೆ ಬಂದರು. ಗಿಡ್ಡನೆಯ ಹೆಂಗಸು, ಕೈಯಲ್ಲೊಂದು ಬಟ್ಟೆಯ ಚೀಲ. ನೇರವಾಗಿ ಅಧ್ಯಕ್ಷರ ಮುಂದೆ ನಿಂತು ಪತ್ರ ಬಿಚ್ಚಿದರು.

"ಇದನ್ನ ಬರೆದವರು ಯಾರು?"

"ನಾನೇ," ಎಂದರು ಅಧ್ಯಕ್ಷರು, ಹೊಗಳಿಕೆ ಕಾಯುವ ಮುಖ ಮಾಡಿಕೊಂಡು.

ಆಕೆ ಗಟ್ಟಿಯಾಗಿ ಓದಿದರು. "ತಾವು ಹೊಸ ಮನೆಗೆ ತೆರಳಿದ ಶುಭ ಸಮಾಚಾರ ತಿಳಿದು ಅತೀವ ಸಂತೋಷವಾಯಿತು. ಬಾಡಿಗೆಯ ಜಂಜಾಟದಿಂದ ಬಿಡುಗಡೆ ಹೊಂದಿ ಸ್ವಂತ ಜಾಗದಲ್ಲಿ ನೆಲೆಸುವ ಭಾಗ್ಯ ಎಲ್ಲರಿಗೂ ಒಂದಲ್ಲ ಒಂದು ದಿನ ಒದಗಲಿ. ತಮ್ಮ ಕುಟುಂಬದವರೆಲ್ಲರೂ ಬೇಗನೆ ಅಲ್ಲಿಗೆ ಬಂದು ತಮ್ಮನ್ನು ಕೂಡಿಕೊಳ್ಳಲಿ. ಅನುಕೂಲವಾದಾಗ ನಾವೂ ಬಂದು ನೋಡುತ್ತೇವೆ."

ಆಕೆ ಪತ್ರ ಮಡಚಿ ಕೇಳಿದರು. "ನಾವೂ ಬಂದು ನೋಡುತ್ತೇವೆ ಅಂತ ಬರೆದಿದೀರಿ. ಯಾವಾಗ ಹೊರಡ್ತೀರಿ?"

ಸೊನ್ನೆಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. "ತಪ್ಪಾಗಿದೆ ಅಮ್ಮಾ, ಬೇರೆ ಪತ್ರ ಕೊಡ್ತೀವಿ," ಎಂದು ಮುಂದೆ ಬಂದ. ಅಧ್ಯಕ್ಷರು ಕೈ ಅಡ್ಡ ಹಿಡಿದರು. ತಪ್ಪು ಎಂಬ ಮಾತು ಅವರ ಸಹಿಯ ಹತ್ತಿರ ಸುಳಿದಿದ್ದೇ ಇಲ್ಲ.

"ನೋಡಮ್ಮ, ಇಪ್ಪತ್ತೆರಡು ವರ್ಷದಲ್ಲಿ ನಾನು ಸಹಿ ಹಾಕಿದ ಒಂದೇ ಒಂದು ಪತ್ರ ವಾಪಸು ತಗೊಂಡಿಲ್ಲ. ಸಹಿ ಬಿತ್ತು ಅಂದ್ರೆ ಬಿತ್ತು. ನಿಮ್ಮ ಯಜಮಾನರು ಹೊಸ ಮನೆಗೆ ಹೋದರು ಅಂತ ಸಂಘ ತಿಳ್ಕೊಂಡಿದೆ. ನೀವೂ ಹಾಗೇ ತಿಳ್ಕೊಳ್ಳಿ."

"ಇದು ನಿಯಮಾನಾ?"

"ನಾನು ಹೇಳಿದಮೇಲೆ ನಿಯಮಾನೇ. ಬರ್ಕೊಳ್ರೀ," ಎಂದು ಅವರು ಹೆಡ್ ಕ್ಲರ್ಕರ ಕಡೆ ತಿರುಗಿದರು. ಹೆಡ್ ಕ್ಲರ್ಕು ಠರಾವಿನ ಪುಸ್ತಕ ತೆರೆದು "ಸಹಿಯಾದ ಪತ್ರ ಹಿಂದಕ್ಕಿಲ್ಲ" ಎಂದು ಬರೆದುಕೊಂಡರು. ಆಕೆ ಅದನ್ನು ಒಮ್ಮೆ ಓದಿಸಿ ಕೇಳಿ, ತಲೆಯಾಡಿಸಿ ಹೋದರು.

ಸಂಜೆ ಸೊನ್ನೆ ಆಕೆಯ ಮನೆ ಹುಡುಕಿಕೊಂಡು ಹೋದ. ಹೋಗೆಂದು ಯಾರೂ ಹೇಳಿರಲಿಲ್ಲ. ನಾಚಿಕೆ ಅವನನ್ನು ಮನೆಯ ಕಡೆ ಹೋಗಗೊಡಲಿಲ್ಲ, ಅಷ್ಟೇ. ಒಂದೇ ಕೋಣೆಯ ಮನೆ, ಗೋಡೆಯಲ್ಲಿ ಸ್ಟೋರ್‌ಕೀಪರರ ಫೋಟೋ. ಅವನು ಬಾಗಿಲಲ್ಲೇ ನಿಂತು ಆರು ಏಳಾದ ಕಥೆಯನ್ನು ತೊದಲುತ್ತ ಹೇಳಿದ.

"ಅಂದ್ರೆ ನಮ್ಮನೆಯವರು ಆರನೇ ನಂಬರಲ್ಲಿದ್ರು, ನೀವು ಅಲ್ಲಿ ಮನೆ ಕಟ್ಟಿಬಿಟ್ರಿ."

"ಹೌದಮ್ಮಾ. ಅವರನ್ನ ಏಳಕ್ಕೆ ಕರ್ಕೊಂಡು ಹೋಗೋದು ಮರೆತೆ."

ಆಕೆ ನೀರು ತಂದುಕೊಟ್ಟರು. "ಮೂವತ್ತೊಂದು ವರ್ಷ ಬಾಡಿಗೆ ಮನೇಲಿ ಕಳೆದ್ವಿ. ಎಂಟು ಮನೆ ಬದಲಾಯಿಸಿದ್ವಿ. ಸ್ವಂತದ್ದೊಂದು ಆಗ್ಲಿ ಆಗ್ಲಿ ಅಂತ ಅನ್ನದ ದಿನ ಇರ್ಲಿಲ್ಲ ಅವರು. ಈ ಕಾಗದ ಓದಿ ಮೊದಲು ಮೈಯೆಲ್ಲ ಉರಿದುಹೋಯ್ತು. ಆಮೇಲೆ, ಅವರಿದ್ದಿದ್ರೆ ಇದನ್ನ ಓದಿ ಬಿದ್ದು ಬಿದ್ದು ನಗ್ತಿದ್ರು ಅನ್ನಿಸ್ತು. ನನಗೂ ನಗು ಬಂತು. ಅವರು ಹೋದಮೇಲೆ ಅದೇ ಮೊದಲು."

ಪತ್ರ ಫೋಟೋದ ಚೌಕಟ್ಟಿಗೆ ಸಿಕ್ಕಿಸಿತ್ತು. ಸೊನ್ನೆ ನೀರಿನ ಲೋಟವನ್ನು ಕೆಳಗಿಟ್ಟ.

"ಹೋಗಿ, ಮಿಕ್ಕವರನ್ನಾದ್ರೂ ಸರಿಯಾದ ಕೋಣೆಗೆ ಸೇರಿಸಿ," ಎಂದು ಆಕೆ ಕಳಿಸಿಕೊಟ್ಟರು.

ಮರುದಿನ ಅಧ್ಯಕ್ಷರು ತಪ್ಪಾಗದಂತೆ ಉಪಾಯವೊಂದನ್ನು ಕಂಡುಹಿಡಿದಿದ್ದರು. ತಪ್ಪೇ ಆಗಿಲ್ಲವೆಂದ ಮೇಲೆ ಉಪಾಯ ಯಾಕೆಂದು ಯಾರೂ ಕೇಳಲಿಲ್ಲ.

"ಅನುಮಾನ ಬಂದ್ರೆ ಯಂತ್ರ ಏನೂ ಮಾಡಬಾರದು. 'ಏನೂ ಇಲ್ಲ' ಅಂತ ಒಂದು ಅಂಕಿ ಸೇರಿಸು. ಅದಕ್ಕೇ ಮೊದಲ ಸ್ಥಾನ. ಏನೂ ಮಾಡದೇ ಇರೋದ್ರಿಂದ ಈ ಆಫೀಸಿನಲ್ಲಿ ಇವತ್ತಿನವರೆಗೂ ಯಾರಿಗೂ ತೊಂದರೆ ಆಗಿಲ್ಲ."

ಏನೂ ಇಲ್ಲದ್ದಕ್ಕೆ ಸೊನ್ನೆಗಿಂತ ತಕ್ಕ ಅಂಕಿ ಎಲ್ಲಿದೆ? ನಮ್ಮವನಿಗೂ ಇದು ಹಿಡಿಸಿತು. ಹಳೆಯ ಎಂಟೂ ಒಂದೊಂದು ಮನೆ ಮುಂದಕ್ಕೆ ಹೋದವು. ಜನನ ಒಂದಾಯಿತು, ಪರೀಕ್ಷೆ ಎರಡು, ಮದುವೆ ಮೂರು, ಬಡ್ತಿ ನಾಲ್ಕು, ನಿವೃತ್ತಿ ಐದು, ಕಾಯಿಲೆ ಆರು, ಹೊಸ ಮನೆ ಏಳು, ಮರಣ ಎಂಟು. ಒಂಬತ್ತು ಪುಟವೂ ಭರ್ತಿ. ಬಿಸಿ ತಾಗಿದ ಬೆಕ್ಕಿನಂತೆ ಈ ಸಲ ಅವನು ಯಂತ್ರದೊಳಗೆ ಕಾದಿದ್ದ ಹೆಸರುಗಳನ್ನೆಲ್ಲ ತೆಗೆದು, ಒಂದೊಂದಕ್ಕೂ ಒಂದು ಕೂಡಿಸಿ, ಎರಡು ಸಲ ನೋಡಿದ. ಎಲ್ಲ ಸರಿಯಿತ್ತು. ಆಮೇಲೆ ಕಣ್ಣೆತ್ತಿ ಗೋಡೆ ನೋಡಿದ.

"ಹೆಡ್ ಕ್ಲರ್ಕ್ ಸಾರ್, ಈ ಬೋರ್ಡು ಬದಲಾಯಿಸಬೇಕು. ಇದರಲ್ಲಿರೋ ಅಂಕಿ ಯಾವುದೂ ಈಗ ಸರಿ ಇಲ್ಲ."

ಹೆಡ್ ಕ್ಲರ್ಕು ಕನ್ನಡಕ ತೆಗೆದರು. "ಸೊನ್ನೆಯವರೇ, ಇದು ಅನಾವರಣ ಆಗಿರೋ ಬೋರ್ಡು."

"ಗೊತ್ತು ಸಾರ್. ಆದ್ರೆ ತಪ್ಪು."

"ತಪ್ಪಿರಬಹುದು. ಅನಾವರಣ ಆಗಿದೆಯಲ್ಲ. ಅದಕ್ಕೆ ಬಣ್ಣ ಮುಟ್ಟಿಸಬೇಕಾದ್ರೆ ಸಭೆಯಲ್ಲಿ ಠರಾವು ಆಗಬೇಕು. ವಾರ್ಷಿಕ ಸಭೆಗೆ ವಿಷಯ ಹಾಕ್ತೀನಿ."

"ಹಾಗಿದ್ರೆ ಅಲ್ಲಿವರೆಗೂ ಬೋರ್ಡು ನೋಡಿ ಒಂದು ಕೂಡಿಸಿಕೊಳ್ಳಿ ಸಾರ್. ಮದುವೆ ಎರಡು ಅಂತಿದ್ರೆ ಮೂರು ಬರೀರಿ. ಯಾವುದಕ್ಕಾದ್ರೂ ಸರಿ, ಒಂದು ಕೂಡಿಸಿಕೊಳ್ಳಿ."

"ಕೂಡಿಸೋಣಂತೆ," ಎಂದರು ಹೆಡ್ ಕ್ಲರ್ಕು. ಸರಕಾರದ ಹತ್ತಿರ ಕೆಲಸ ಮಾಡಿಸಿಕೊಂಡವರಿಗೆ ಆ ಧ್ವನಿಯ ಅರ್ಥ ಗೊತ್ತು. ಸೊನ್ನೆಗೂ ಗೊತ್ತಾಗುತ್ತಿತ್ತೋ ಏನೋ, ಆದರೆ ಮಾವನವರ ಮಂಡಿ ಆಪರೇಷನ್ನು ನಿಗದಿಯಾಗಿ ಅವನು ಎಂಟು ದಿನ ರಜೆಯ ಮೇಲೆ ಆಸ್ಪತ್ರೆಯ ಬೆಂಚು ಸೇರಿದ.

ಹೆಡ್ ಕ್ಲರ್ಕು ಮೂವತ್ತು ವರ್ಷದ ಸೇವೆಯಲ್ಲಿ ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದವರೇ ಹೊರತು ತಲೆಯಿಂದ ಏನನ್ನೂ ಕೂಡಿಸಿದವರಲ್ಲ. ಬೋರ್ಡು ಹೇಳಿದ್ದನ್ನು ಬರೆದರು. ಸೋಮವಾರ ಬಂತು.

ಹೊಸದಾಗಿ ಮದುವೆಯಾದ ಗುಮಾಸ್ತನೊಬ್ಬನಿಗೆ ಪರೀಕ್ಷೆಯ ಪತ್ರ ಹೋಯಿತು: "ಮೊದಲ ಪ್ರಯತ್ನದಲ್ಲೇ ತೇರ್ಗಡೆಯಾದ ತಮಗೆ ಅಭಿನಂದನೆ. ಇಷ್ಟಕ್ಕೇ ತೃಪ್ತರಾಗದೆ ಮುಂದಿನ ವರ್ಷ ಇನ್ನೂ ಮೇಲಿನದಕ್ಕೆ ಕಟ್ಟಿರಿ." ಅವನ ಮಾವ ಅದನ್ನು ಮೂರು ಸಲ ಓದಿ ಮಗಳನ್ನು ಕರೆದುಕೊಂಡು ಹೋದ. ಬಡ್ತಿ ಸಿಕ್ಕ ಮೇಲ್ವಿಚಾರಕನಿಗೆ ಮದುವೆಯ ಪತ್ರ ಬಂತು, ಒಡೆದು ಓದಿದ್ದು ಅವನ ಹೆಂಡತಿ. "ಹೊಸ ಸಂಗಾತಿ ಯಾರು ಅಂತ ಸಂಘಕ್ಕೆ ಗೊತ್ತು, ನನಗೇ ಗೊತ್ತಿಲ್ಲ!" ಎಂಬ ಅವಳ ಮಾತಿಗೆ ಅವನು ಉತ್ತರ ಹುಡುಕುತ್ತಲೇ ಇದ್ದಾನೆ. ಮಗು ಹುಟ್ಟಿದವನೊಬ್ಬನಿಗೆ ಅಧ್ಯಕ್ಷರ ಸಹಿ ಮೊಹರು ಮಾತ್ರ ಇರುವ ಖಾಲಿ ಕಾಗದ ಸಿಕ್ಕಿತು. ಅವನು ಬುದ್ಧಿವಂತ. ಮೇಲೆ "ಹದಿನೈದು ದಿನ ರಜೆ ಮಂಜೂರು" ಎಂದು ಬರೆದುಕೊಂಡು ಊರಿಗೆ ಹೋದ. ಪುಣ್ಯಕ್ಕೆ ಆ ವಾರ ಯಾರೂ ಸತ್ತಿರಲಿಲ್ಲ.

ಅದೇ ದಿನ ಅಧ್ಯಕ್ಷರು ಹೊಸ ಮನೆಗೆ ಹೋದರು. ಚೀಟಿಯಲ್ಲಿದ್ದಂತೆ ಅವರ ಹೆಸರಿನ ಮುಂದೆ ಆರು ಬಿದ್ದಿತ್ತು. ಹಜಾರದ ತುಂಬ ನೆಂಟರು, ಅಕ್ಕಪಕ್ಕದವರು, ಸಂಘದ ಉಪಾಧ್ಯಕ್ಷರು. ಅಧ್ಯಕ್ಷರು ಲಕೋಟೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, "ಸಂಘದವರು ಏನೋ ಪ್ರೀತಿಯಿಂದ ಬರೆದಿದಾರೆ, ನಾನು ಬೇಡ ಅಂದೆ," ಎಂದು ನಾಚಿ, ಸೊಸೆಯ ಕೈಗೆ ಕೊಟ್ಟು ಓದಿಸಿದರು.

"ತಮ್ಮ ಆರೋಗ್ಯ ಹದಗೆಟ್ಟ ಸುದ್ದಿ ಕೇಳಿ ಕಳವಳವಾಯಿತು," ಎಂದು ಸೊಸೆ ಓದಿದಳು. "ಧೈರ್ಯಗೆಡಬೇಡಿ. ಇಂಥ ಕಾಯಿಲೆಯಿಂದ ಚೇತರಿಸಿಕೊಂಡವರೂ ಕೆಲವರು ಇದ್ದಾರೆ. ಇಂತಿ, ಅಧ್ಯಕ್ಷರು." ಓದಿ ಮುಗಿಸಿ ಮಾವನ ಮುಖ ನೋಡಿದಳು. "ನಮಗೆ ಯಾಕೆ ಹೇಳ್ಲಿಲ್ಲ ಮಾವ?"

ಅಧ್ಯಕ್ಷರು "ನನಗೇನೂ ಆಗಿಲ್ಲ!" ಎಂದು ಕೂಗಿದರು. ಕಾಯಿಲೆಯವರು ಹಾಗೇ ಅನ್ನುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಯಾರೋ ಕುರ್ಚಿ ತಂದರು, ಯಾರೋ ಗಾಳಿ ಹಾಕಿದರು. ಹೆಂಡತಿ ಅಳಲು ಶುರು ಮಾಡಿದರು. ಇಂಥದೇ ಮನೆ ಕಟ್ಟಿಸಿದ್ದ ಪಕ್ಕದವರೊಬ್ಬರು ಮಾತ್ರ, "ಪತ್ರದಲ್ಲೇನೂ ತಪ್ಪಿಲ್ಲ, ಮನೆ ಕಟ್ಟಿಸಿದವರಿಗೆಲ್ಲ ಕೊನೆಗೆ ಇದೇ ಆಗೋದು," ಎಂದರು. ಉಪಾಧ್ಯಕ್ಷರು ಅಧ್ಯಕ್ಷರ ಕೈ ಹಿಡಿದು, "ನೀವು ನಿಶ್ಚಿಂತೆಯಿಂದ ಮಲಕ್ಕೊಳ್ಳಿ ಸಾರ್, ಸಂಘ ನಾನು ನೋಡ್ಕೋತೀನಿ," ಎಂದು ಹೇಳಿದವರು, ಮರುದಿನ ಬೆಳಗ್ಗೆ ಒಂಬತ್ತಕ್ಕೇ ಹೋಗಿ ಅಧ್ಯಕ್ಷರ ಕುರ್ಚಿಯಲ್ಲಿ ಕೂತು ಎತ್ತರ ಸರಿಮಾಡಿಕೊಳ್ಳುತ್ತಿದ್ದರು.

ಇತ್ತ ಸೊನ್ನೆಯ ಮನೆಯಲ್ಲಿ ಮಂಡಿಗೆ ಪಟ್ಟಿ ಸುತ್ತಿಕೊಂಡು ಮಲಗಿದ್ದ ಮಾವನವರಿಗೂ ಒಂದು ಪತ್ರ ಬಂದಿತ್ತು. ಅವರಿಗೆ ಕಾಯಿಲೆಯ ಐದು ಬಿದ್ದಿತ್ತು, ಐದರಲ್ಲಿ ನಿವೃತ್ತಿ ಕೂತಿತ್ತು.

"ತಾವು ದುಡಿದದ್ದು ಸಾಕು. ಇನ್ನು ಎಳೆಯರಿಗೆ ಕುರ್ಚಿ ಬಿಟ್ಟುಕೊಟ್ಟು ಶಾಶ್ವತ ವಿಶ್ರಾಂತಿ ಪಡೆಯಿರಿ," ಎಂದು ಓದಿದ ಮಾವನವರ ಮೀಸೆ ನಡುಗಿತು. "ನನ್ನ ಸರ್ವೀಸಿನಲ್ಲಿ ಇನ್ನೂ ಎಂಟು ತಿಂಗಳಿದೆ! ಒಂದು ಮಂಡಿ ಕುಯ್ಸಿಕೊಂಡಿದ್ದಕ್ಕೆ ಮನೆಗೆ ಕಳಿಸಿಬಿಟ್ರಾ? ಅಳಿಯಂದಿರೇ, ನೀವು ಕಾಯಂ ಆಗೋದು ಅತ್ಲಾಗಿರ್ಲಿ, ಕಾಯಂ ಆಗಿದ್ದ ನನ್ನನ್ನೇ ತೆಗೆದುಬಿಟ್ರಲ್ಲ!"

ಸೊನ್ನೆ ಪತ್ರ ನೋಡಿದ. ಬೋರ್ಡು ಕಣ್ಣ ಮುಂದೆ ಬಂತು. ಹೆಂಡತಿ ಅವನ ಮುಖ ನೋಡಿ ನಾಳಿನಿಂದ ಯಾವ ಯಾವ ಖರ್ಚು ನಿಲ್ಲಿಸಬಹುದೆಂದು ಯೋಚಿಸತೊಡಗಿದಳು.

ವಾರ್ಷಿಕ ಸಭೆಯ ದಿನ ಸಭಾಂಗಣ ತುಂಬಿ ತುಳುಕುತ್ತಿತ್ತು. ವೇದಿಕೆಯ ಮೇಲೆ ಮೇಜು, ಮೇಜಿನ ಮೇಲೆ ಯಂತ್ರ. ಬದಲಾವಣೆಯ ಠರಾವಿಗೆಂದು ತಂದ ಬೋರ್ಡು ಹಿಂದಿನ ಗೋಡೆಗೆ ಒರಗಿತ್ತು. ಅದರ ವಿಷಯ ಹದಿನಾಲ್ಕನೆಯದು. ಮಾವನವರು ಊರುಗೋಲು ಹಿಡಿದು, ಮಗಳ ಹೆಗಲ ಮೇಲೆ ಕೈಯಿಟ್ಟು ಬಂದಿದ್ದರು. ಎರಡನೇ ಸಾಲಿನಲ್ಲಿ ಸ್ಟೋರ್‌ಕೀಪರರ ಹೆಂಡತಿ ಚೀಲ ಮಡಿಲಲ್ಲಿಟ್ಟು ಕೂತಿದ್ದರು.

ಅಧ್ಯಕ್ಷರು ತಮಗೆ ಯಾವ ಕಾಯಿಲೆಯೂ ಇಲ್ಲವೆಂದು ಅರ್ಧ ಗಂಟೆ ಭಾಷಣ ಮಾಡಿ, ಕೆಮ್ಮಿ, ಸೊನ್ನೆಯ ಕಡೆ ಬೆರಳು ಮಾಡಿದರು. "ಇಷ್ಟಕ್ಕೆಲ್ಲ ಕಾರಣ ಇವನು. ಕಾಯಂ ಮಾತು ಹಾಗಿರ್ಲಿ, ಇವತ್ತೇ ಇವನನ್ನ ತೆಗೀಬೇಕು. ಪತ್ರ ತಯಾರು ಮಾಡ್ರೀ!"

ಹೆಡ್ ಕ್ಲರ್ಕು ಎದ್ದರು. "ಸಾರ್, ಟೈಪ್‌ರೈಟರು ಗುಜರಿಗೆ ಹೋಯ್ತು. ಸಂಘದ ಪತ್ರ ಯಂತ್ರದಿಂದಲೇ ಬರಬೇಕು ಅಂತ ತಮ್ಮದೇ ಠರಾವಿದೆ. ಯಂತ್ರದಲ್ಲಿ ವಜಾ ಅನ್ನೋದಿಲ್ಲ."

"ಸೇರಿಸ್ರಿ!"

ಯಾರಿಂದ ಸೇರಿಸುವುದು? ಎಲ್ಲರೂ ಸೊನ್ನೆಯನ್ನು ನೋಡಿದರು. ಅವನು ಕೈಕಟ್ಟಿ ನಿಂತು ನಿಜವನ್ನೇ ಹೇಳಿದ. "ಒಂಬತ್ತು ಪುಟವೂ ತುಂಬಿದೆ ಸಾರ್. ನನ್ನನ್ನ ತೆಗೀಬೇಕಾದ್ರೆ ಮೊದಲು ಇನ್ನೊಂದನ್ನ ತೆಗೀಬೇಕು."

ಯಾವುದನ್ನು ತೆಗೆಯುವುದೆಂದು ಚರ್ಚೆ ಎದ್ದಿತು. ಪರೀಕ್ಷೆ ಬೇಡವೆಂದು ಒಬ್ಬರು ಅಂದರೆ ಮಕ್ಕಳ ತಾಯಂದಿರು ಎದ್ದು ನಿಂತರು. ಮದುವೆ ತೆಗೆಯಿರಿ ಎಂದು ಮೇಲ್ವಿಚಾರಕ ಕೂಗಿದ, ಅವನ ಹೆಂಡತಿ ಕೂರಿಸಿದಳು. "ಮರಣ ತೆಗೆದುಬಿಡಿ, ನಮಗೆಲ್ಲ ಅನುಕೂಲ ಆಗುತ್ತೆ," ಎಂದ ಮುದುಕರಿಗೆ ಭಾರಿ ಚಪ್ಪಾಳೆ ಬಿತ್ತು. "ಏನೂ ಇಲ್ಲ ಅನ್ನೋದನ್ನೇ ತೆಗೆದ್ರೆ?" ಎಂದು ಉಪಾಧ್ಯಕ್ಷರು ಸೂಚಿಸಿದಾಗ ಅಧ್ಯಕ್ಷರು ಕೆಂಡವಾದರು. "ಅದನ್ನ ತೆಗೆದ್ರೆ ಆಫೀಸು ನಡೆಯೋದು ಹೇಗ್ರೀ?"

ಕೊನೆಗೆ ಇದ್ದದ್ದರಲ್ಲೇ ಹತ್ತಿರದ್ದು ನಿವೃತ್ತಿ ಎಂದು ತೀರ್ಮಾನವಾಯಿತು. ಸೊನ್ನೆಗೆ ಮೂವತ್ತೊಂದು ವರ್ಷ, ಸ್ವಲ್ಪ ಬೇಗ ನಿವೃತ್ತನಾದನೆಂದು ತಿಳಿದುಕೊಂಡರಾಯಿತು. ಅಧ್ಯಕ್ಷರು ತಾವೇ ಎದ್ದು ಯಂತ್ರದ ಮುಂದೆ ನಿಂತು, ಹಿಂದಿದ್ದ ಬೋರ್ಡು ನೋಡಿ, ನಾಲ್ಕರ ಗುಂಡಿಯ ಮೇಲೆ ಬೆರಳಿಟ್ಟರು.

"ಸಾರ್, ಒಂದು ಕೂಡಿಸಿಕೊಳ್ಳಿ!" ಎಂದ ಸೊನ್ನೆ.

"ಏನಂದೆ?"

"ನಾಲ್ಕಲ್ಲ ಸಾರ್. ನನ್ನನ್ನ ತೆಗೀಬೇಕಾದ್ರೆ ಐದು ಒತ್ತಬೇಕು. ಆ ಬೋರ್ಡು ತಪ್ಪು."

ಹೆಂಡತಿ ಹಣೆ ಚಚ್ಚಿಕೊಂಡಳು. ತನ್ನ ಹಳ್ಳ ತಾನೇ ತೋಡಿಕೊಳ್ಳುವವರನ್ನು ಅವಳು ಕಂಡಿದ್ದಳು, ಅಳತೆ ಸರಿಯಿಲ್ಲವೆಂದು ತಿದ್ದುವವನನ್ನು ಕಂಡಿದ್ದು ಇದೇ ಮೊದಲು.

"ನನ್ನ ಬೋರ್ಡು ತಪ್ಪಾ? ನನಗೆ ಲೆಕ್ಕ ಹೇಳಿಕೊಡ್ತೀಯಾ? ನಾಲ್ಕು ಅಂದ್ರೆ ನಾಲ್ಕೇ!" ಅಧ್ಯಕ್ಷರು ಗುಂಡಿ ಒತ್ತಿದರು. ಯಂತ್ರ ಗೊರಗೊರ ಎಂದು ಕಾಗದ ಹೊರಹಾಕಿತು. ಅವರು ಓದದೆ, ಎಂದಿಗಿಂತ ದೊಡ್ಡದಾಗಿ ಸಹಿ ಹಾಕಿ, ಮೊಹರು ಗುದ್ದಿ ಸೊನ್ನೆಯ ಮುಖಕ್ಕೆ ಹಿಡಿದರು. "ಓದು. ಎಲ್ಲರಿಗೂ ಕೇಳೋ ಹಾಗೆ ಓದು."

ಸೊನ್ನೆ ಓದಿದ. "ತಮ್ಮ ದಕ್ಷತೆಯನ್ನು ಗುರುತಿಸಿ ತಮ್ಮನ್ನು ಮೇಲಿನ ಕಾಯಂ ಹುದ್ದೆಗೆ ಏರಿಸಿರುವುದು ಅತ್ಯಂತ ಸೂಕ್ತವೆಂದು ಸಂಘ ಭಾವಿಸುತ್ತದೆ. ತಮ್ಮಂಥವರನ್ನು ಕಳೆದುಕೊಳ್ಳುವವರು ಮೂರ್ಖರೇ ಸರಿ. ಇಂತಿ, ಅಧ್ಯಕ್ಷರು."

ಅಧ್ಯಕ್ಷರು ಕಾಗದಕ್ಕೆ ಕೈ ಹಾಕಿದರು. "ಕೊಡು ಇಲ್ಲಿ! ಅದು ನಡೆಯಲ್ಲ, ವಾಪಸು!"

ಎರಡನೇ ಸಾಲಿನಲ್ಲಿ ಸ್ಟೋರ್‌ಕೀಪರರ ಹೆಂಡತಿ ಎದ್ದು ನಿಂತರು. ಕೂಗಲಿಲ್ಲ, ಹೆಡ್ ಕ್ಲರ್ಕರ ಕಡೆ ನೋಡಿ ಕೇಳಿದರು. "ಸ್ವಾಮಿ, ಆವತ್ತು ನನ್ನ ಮುಂದೆ ಪುಸ್ತಕದಲ್ಲಿ ಏನೋ ಬರ್ಕೊಂಡ್ರಲ್ಲ, ಓದ್ತೀರಾ?"

ಕಾಗದದಲ್ಲಿದ್ದದ್ದನ್ನು ಓದು ಎಂದರೆ ಹೆಡ್ ಕ್ಲರ್ಕು ಅಧ್ಯಕ್ಷರ ಮುಖವನ್ನೂ ನೋಡುವವರಲ್ಲ. "ಸಹಿಯಾದ ಪತ್ರ ಹಿಂದಕ್ಕಿಲ್ಲ," ಎಂದು ಓದಿದರು.

ಆಕೆ ಅಧ್ಯಕ್ಷರ ಕಡೆ ತಿರುಗಿದರು. "ನಮ್ಮನೆಯವರು ಹೊಸ ಮನೆಗೆ ಹೋದ್ರು ಅಂತ ನಾನು ತಿಳ್ಕೊಂಡೆ ಸಾರ್. ಈ ಹುಡುಗ ಕಾಯಂ ಆದ ಅಂತ ಸಂಘ ತಿಳ್ಕೊಂಡಿದೆ. ನೀವೂ ಹಾಗೇ ತಿಳ್ಕೊಳ್ಳಿ."

ಮೊದಲು ನಕ್ಕಿದ್ದು ಯಾರೋ ಗೊತ್ತಿಲ್ಲ. ಆಮೇಲೆ ಚಪ್ಪಾಳೆ ಮಾಡು ಹಾರಿಸಿತು. ಉಪಾಧ್ಯಕ್ಷರು ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದರು. ಅಧ್ಯಕ್ಷರು ನುಂಗಲೂ ಆಗದೆ ಉಗುಳಲೂ ಆಗದೆ ಕುರ್ಚಿಯಲ್ಲಿ ಕುಸಿದು ನೀರು ಕೇಳಿದರು. ಪಾಪ, ಕಾಯಿಲೆ ನಿಜವೇ ಇರಬೇಕೆಂದು ಜನ ಮಾತಾಡಿಕೊಂಡರು.

ಸೊನ್ನೆ ಎರಡನೇ ಸಾಲಿಗೆ ಹೋಗಿ ಆಕೆಯ ಮುಂದೆ ನಿಂತ. ಆಕೆ ಅವನ ತೋಳು ತಟ್ಟಿ, "ನಡೀರಿ, ನಿಮ್ಮ ಮಾವ ಕಾಯ್ತಿದಾರೆ," ಎಂದರು.

ಮಾವನವರು ಬಾಗಿಲ ಹತ್ತಿರ ಊರುಗೋಲಿನ ಮೇಲೆ ಭಾರ ಹಾಕಿ ನಿಂತಿದ್ದರು. ಪತ್ರ ಇಸಿದುಕೊಂಡು, ಬೆಳಕಿಗೆ ಹಿಡಿದು, ಸಹಿ ನೋಡಿ, ಮೊಹರು ನೋಡಿ, ಎರಡು ಸಲ ಓದಿದರು. ಅಂಗೈಯಲ್ಲಿಟ್ಟು ತೂಗಿಯೂ ನೋಡಿದರು.

"ಅಳಿಯಂದಿರೇ, ಇದನ್ನ ಹೀಗೇ ಓದಬೇಕಾ, ಒಂದು ಕೂಡಿಸಿಕೊಂಡು ಓದಬೇಕಾ?"

"ಹೀಗೇ ಓದಿ ಮಾವ," ಎಂದು ಅವನಿಗಿಂತ ಮುಂಚೆ ಹೆಂಡತಿಯೇ ಹೇಳಿದಳು. ಅವಳ ಕಣ್ಣು ತುಂಬಿತ್ತು. ಆತುರದಲ್ಲಿ ತನ್ನ ಅಪ್ಪನನ್ನೇ ಮಾವ ಎಂದದ್ದು ಅವಳಿಗೂ ತಿಳಿಯಲಿಲ್ಲ.

ಮಾವನವರು ತಮ್ಮ ಜೇಬಿನಿಂದ ಇನ್ನೊಂದು ಪತ್ರ ತೆಗೆದರು. ಮಡಚಿ ಮಡಚಿ ಅದು ಮೆತ್ತಗಾಗಿತ್ತು. "ಮತ್ತೆ ನನ್ನದು?"

"ನಿಮ್ಮದಕ್ಕೆ ಒಂದು ಕೂಡಿಸಿಕೊಳ್ಳಿ ಮಾವ."

"ಕೂಡಿಸಿದ್ರೆ ಏನಾಗುತ್ತೆ?"

"ಬರೀ ಕಾಯಿಲೆ."

ಮಾವನವರು ಹತ್ತು ದಿನದಿಂದ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟರು. "ಅಬ್ಬ! ಕಾಯಿಲೇನಾ? ಬದುಕಿದೆ," ಎಂದು ಊರುಗೋಲನ್ನು ಅಳಿಯನ ಕೈಗೆ ಕೊಟ್ಟು, ಕುಂಟುತ್ತ ಬಸ್ ಸ್ಟಾಪಿನ ಕಡೆ ಹೊರಟರು.